ಸರ್ಟಿಫಿಕೇಟ್ ಇದೆ ಸರಿ, ಬೆಲ್ಟ್ ನೋಡಿದವರು ಯಾರು?

ಕ್ರೇನ್ ತಪಾಸಣೆ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೇದಾಯ್ತು. ಆದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಗೊಂಡರೆ ಮುಗೀತು ಅನ್ನೋ ಹಾಗೆ ಅದು ಅಲ್ಲಿಗೇ ನಿಂತುಬಿಟ್ಟಿದೆ. 12 ತಿಂಗಳಿಗೊಮ್ಮೆ ಪರೀಕ್ಷೆ ಅನ್ನೋದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದೆ. ಉಳಿದ ದಿನಗಳ ಕಥೆ ಏನು?

ನಾನು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಇದ್ದೇನೆ. ಶಿಫ್ಟ್ ಶುರುವಾದ ಕೂಡಲೇ ಖಾಲಿ ಹುಕ್ಕನ್ನು ನಿಧಾನಕ್ಕೆ ಮೇಲೆತ್ತುತ್ತೇವೆ. ಹುಕ್ಕು ತೀರಾ ಮೇಲೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಅದನ್ನು ತಾನೇ ನಿಲ್ಲಿಸಬೇಕು. ನಿಲ್ಲಲಿಲ್ಲ ಅಂದ್ರೆ ರಿಪೇರಿ ಆಗುವವರೆಗೂ ಕ್ರೇನ್ ಬಂದ್. ಸೂಪರ್‌ವೈಸರ್ ಎಷ್ಟೇ ಅರ್ಜೆಂಟ್ ಅಂದರೂ ಅಷ್ಟೇ. ಆಮೇಲೆ ಭಾರವನ್ನು ಗೇಣುದ್ದ ಎತ್ತಿ ಹಿಡಿದು ನೋಡುವುದು. ಕೆಳಗೆ ಜಾರಿದರೆ ಬ್ರೇಕ್ ಸರಿಯಿಲ್ಲ.

ಜಾಸ್ತಿ ಮೋಸ ಹೋಗುವುದು ಭಾರಕ್ಕೆ ಸುತ್ತಿ ಹುಕ್ಕಿಗೆ ಸಿಕ್ಕಿಸುವ ಬೆಲ್ಟಿನಲ್ಲಿ. ಪಾಲಿಯೆಸ್ಟರ್ ಬೆಲ್ಟ್ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಮೇಲೆ ಬಳಸುವಂತಿಲ್ಲ. ನಮ್ಮಲ್ಲಿ ಬಿಸಿ ಆರದ ಕಾಸ್ಟಿಂಗಿಗೂ (ಎರಕದ ತುಂಡಿಗೂ) ಅದನ್ನೇ ಸುತ್ತುವವರಿದ್ದಾರೆ. ನೂಲು ಕರಗಿ ಗಟ್ಟಿಯಾಗಿರುತ್ತದೆ. ಕೈಯಲ್ಲಿ ಬಗ್ಗಿಸಿದರೆ ಗೊತ್ತಾಗುತ್ತದೆ, ದೂರದಿಂದ ನೋಡಿದರೆ ಹೊಸದೇ! ಬೆಲ್ಟ್ ಜಾರಿ ಹೊರಬರದಂತೆ ತಡೆಯುವ ಹುಕ್ಕಿನ ಲ್ಯಾಚ್ ಮುರಿದಿದ್ದರೆ ತಂತಿ ಸುತ್ತಿ ಕೆಲಸ ಸಾಗಿಸುವ ಜಾಣರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಇನ್ನು ಕೋನದ ಲೆಕ್ಕ. 2 ಟನ್ ಭಾರಕ್ಕೆ ಎರಡು ಕಾಲಿನ ಸ್ಲಿಂಗ್ (ಹುಕ್ಕಿನಿಂದ ಎರಡಾಗಿ ಇಳಿಯುವ ಬೆಲ್ಟ್ ಅಥವಾ ಹಗ್ಗ) ಹಾಕಿದರೆ ಒಂದೊಂದಕ್ಕೆ 1 ಟನ್ ಅಂತ ಅಂದ್ಕೊಳ್ಳುತ್ತೇವೆ, ಅಲ್ವಾ? ಕಾಲುಗಳು ನೆಟ್ಟಗೆ ಕೆಳಕ್ಕೆ ಇಳಿದಿದ್ದರೆ ಮಾತ್ರ ಅದು ಸರಿ. ಒಂದೊಂದು ಕಾಲೂ ನೆಲಮಟ್ಟಕ್ಕೆ 30 ಡಿಗ್ರಿ ಕೋನಕ್ಕೆ ಬರುವಷ್ಟು ಅಗಲವಾಗಿ ಹರಡಿದರೆ ಒಂದೊಂದರ ಮೇಲೂ ಪೂರ್ತಿ 2 ಟನ್ ಎಳೆತ ಬೀಳುತ್ತದೆ. ಇದನ್ನು ಲೇಖನದಲ್ಲಿ ಸೇರಿಸಿ.

ಇಳಕಲ್ ಕಡೆ ಗ್ರಾನೈಟ್ ಕ್ವಾರಿಯವರು ಯಾರಾದರೂ ಓದುತ್ತಿದ್ದರೆ, ನಿಮ್ಮಲ್ಲಿ ಕ್ರೇನಿನ ವೈರ್ ರೋಪ್ (ಉಕ್ಕಿನ ತಂತಿಯ ಹಗ್ಗ) ಯಾವಾಗ ಬದಲಿಸುತ್ತೀರಿ ಹೇಳಿ.