ಸ್ಪಷ್ಟನೆ: ಡೀಸೆಲ್ ಒರೆಸಿದರೆ ಬರುವುದು ಹೊಳಪಲ್ಲ, ಜಿಡ್ಡು

ಕೆಸರಾದ ಎಟಿವಿಗೆ (ಕಚ್ಚಾ ದಾರಿಯಲ್ಲೂ ಓಡುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ), ಬೈಕಿಗೆ ಡೀಸೆಲ್ ಒರೆಸಿದರೆ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತದೆ ಎಂಬ ಮೆಸೇಜ್ ಹುಬ್ಬಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೊಳೆಯುವುದೇನೋ ನಿಜ. ಆದರೆ ಅದು ಬರೀ ಜಿಡ್ಡು. ಅಣ್ಣಿಗೇರಿ ತನಕ ಹೋಗಿ ಬನ್ನಿ, ದಾರಿಯ ಧೂಳೆಲ್ಲ ಅದಕ್ಕೇ ಅಂಟಿರುತ್ತದೆ. ರಬ್ಬರಿಗೆ ತಾಗಿದರೆ ಉಬ್ಬಿ ಹಾಳಾಗಬಹುದು. ಬ್ರೇಕ್ ಡಿಸ್ಕಿಗೆ ತಾಗಿದರಂತೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ನಮ್ಮ ಎರೆ ಮಣ್ಣಿನ ಗುಣ ಗೊತ್ತಲ್ವಾ? ಒಣಗಿದರೆ ಕಲ್ಲು. ಹಾಗೇ ತಿಕ್ಕಿದರೆ ಪ್ಲಾಸ್ಟಿಕ್ ತುಂಬ ಗೀರು. ಮೊದಲು ನೀರು ಸುರಿದು ಸುಮ್ನೆ ಬಿಡಿ. ಮಡ್‌ಗಾರ್ಡ್ ಒಳಗಿನ ಹೆಂಟೆ ನೆನೆದು, ಬೆರಳಿಂದ ತಳ್ಳಿದರೆ ಕಳಚುತ್ತದೆ. ಆಮೇಲೆ ಶಾಂಪೂ ನೀರು, ಮೆತ್ತನೆ ಬಟ್ಟೆ. ಹೊಳಪು ಬೇಕೇ ಬೇಕು ಅಂದ್ರೆ ಪ್ಲಾಸ್ಟಿಕ್ಕಿಗೆಂದೇ ಸಿಗುವ ಪಾಲಿಶ್ ತೆಳ್ಳಗೆ ಹಚ್ಚಿ. ಸೀಟಿಗೆ ಮಾತ್ರ ಬೇಡ, ಜಾರುತ್ತದೆ.