ಏನು ಸಿಕ್ತು ಅಂತ ಕೇಳಿದಿರಲ್ಲ

ನಿನ್ನೆ ಗೃಹಪ್ರವೇಶದ ಊಟದಲ್ಲಿ ಕೋಸಂಬರಿ ಬಡಿಸುತ್ತಿದ್ದೆ. ಚಿಕ್ಕಪ್ಪನ ಮಗಳು ವಿದ್ಯಾರ್ಥಿ ವಿನಿಮಯದಲ್ಲಿ, ಅಂದರೆ ಎಕ್ಸ್‌ಚೇಂಜ್‌ನಲ್ಲಿ, ಒಂದು ಸೆಮಿಸ್ಟರ್ ಜರ್ಮನಿಗೆ ಹೋಗುವ ಮಾತು ಬಂತು. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ಕೈ ತೋರಿಸಿ, "ಇವಳೂ ಹೋಗಿ ಬಂದಳಲ್ಲ, ಏನು ಸಿಕ್ತು? ಕೆಲಸ ಸಿಕ್ತಾ? ಅಲ್ಲೇ ಉಳಿದಳಾ?" ಅಂದರು. ಹುಡುಗಿಯ ಮುಖ ಬಾಡಿಹೋಯಿತು. ಎಲೆ ಮುಂದೆ ಕೂತವರ ಹತ್ತಿರ ವಾದ ಬೇಡ ಅಂತ ಸುಮ್ಮನಿದ್ದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಏನು ಸಿಕ್ತು ಅಂತ ಹೇಳ್ತೀನಿ, ಕೇಳಿ.

ನಾನಿದ್ದದ್ದು ಟ್ಯೂಬಿಂಗನ್‌ನಲ್ಲಿ. ನೆಕ್ಕಾರ್ ನದಿ ದಂಡೆಯ ಪುಟ್ಟ ಊರು, ಅಲ್ಲಿನ ವಿಶ್ವವಿದ್ಯಾಲಯ ಮಾತ್ರ 1477ರದ್ದು. ಏಪ್ರಿಲ್‌ನಲ್ಲಿ ಮೊದಲ ಕ್ಲಾಸ್. ಪಾಠ ಮುಗಿದ ಕೂಡಲೇ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ಮೇಷ್ಟ್ರ ಮೇಲೆ ಸಿಟ್ಟೇನೋ ಅಂತ ಗಾಬರಿಯಾದೆ. ಪಕ್ಕದವಳು ನನ್ನ ಮುಖ ನೋಡಿ, ಇಲ್ಲಿ ಚಪ್ಪಾಳೆ ಅಂದರೆ ಇದೇ ಅಂದಳು. ಜುಲೈ ಕೊನೆಗೆ ನನ್ನ ಸೆಮಿನಾರ್ ಮುಗಿದಾಗ ಅದೇ ಟಕಟಕ ನನಗೂ ಕೇಳಿಸಿತು. ತುಮಕೂರಿನಲ್ಲಿ ಮೂರು ವರ್ಷ ಕೊನೆ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿದ್ದವಳು ನಾನು, ನಿಮಗೆಲ್ಲ ಗೊತ್ತಲ್ವಾ. ಆ ಸದ್ದಿಗೆ ಏನು ಬೆಲೆ ಕಟ್ಟುತ್ತೀರಿ?

ಅಲ್ಲಿ ಭಾನುವಾರ ಅಂಗಡಿ ತೆಗೆಯುವುದಿಲ್ಲ. ನನಗೆ ಅದು ಗೊತ್ತಾದದ್ದು ಮೊದಲ ಭಾನುವಾರ, ಡಬ್ಬಿಯಲ್ಲಿ ಬರೀ ಅಕ್ಕಿ ಇದ್ದಾಗ. ಪಕ್ಕದ ರೂಮಿನ ಪೋಲೆಂಡ್ ಹುಡುಗಿ ಎರಡು ಆಲೂಗಡ್ಡೆ, ಒಂದು ಈರುಳ್ಳಿ ತಂದು ಮುಂದಿಟ್ಟಳು. ಅಮ್ಮ ಕೊಟ್ಟಿದ್ದ ಮೂರು ಲೀಟರಿನ ಕುಕ್ಕರ್‌ನಲ್ಲಿ ಹುಳಿಪುಡಿ ಹಾಕಿ ಅನ್ನಕ್ಕಿಟ್ಟೆ. ಸೀಟಿ ಕೂಗಿದಾಗ ಅವಳು ಬಾಗಿಲ ಹಿಂದೆ ಓಡಿದಳು. ಆಮೇಲೆ ಪ್ರತಿ ಭಾನುವಾರ ಆ ಕುಕ್ಕರ್ ಸುತ್ತ ಆರು ಜನ. ಜೂನ್‌ನಲ್ಲಿ ಅದೇ ಆರು ಜನ ಸೇತುವೆ ಮೇಲೆ ನಿಂತು ದೋಣಿ ಪಂದ್ಯ ನೋಡಿದೆವು. ಉದ್ದ ಕೋಲಿನಿಂದ ನೂಕುವ ದೋಣಿಗಳು. ಸೋತವರು ಮೀನೆಣ್ಣೆ ಕುಡಿಯಬೇಕು! ಸಂಜೆಯವರೆಗೂ ನನ್ನ ಗಂಟಲು ಕೂತೇ ಇತ್ತು.

ಇದೊಂದನ್ನು ಯಾರಿಗೂ ಹೇಳಿಲ್ಲ. ತಾತನ ಕಪಾಟಿನಲ್ಲಿ ಕಿಟೆಲ್ ನಿಘಂಟು ಇತ್ತು, ನೆನಪಿದೆಯಾ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಾಡಿದ ಜರ್ಮನ್ ಪಾದ್ರಿ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಅಲ್ಲಿಗೆ ಹೋದ ಮೇಲೆ ನನಗೆ ತಿಳಿಯಿತು. ನಾಲ್ಕು ದಿನದಿಂದ ಒಂದು ಕನ್ನಡ ಮಾತೂ ಆಡಿರಲಿಲ್ಲ. ನದಿ ಪಕ್ಕದ ಮರದ ಸಾಲಿನ ಕೆಳಗೆ ಕೂತು ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡೆ: ಒಗ್ಗರಣೆ, ಮೊಗ್ಗು, ತೊಟ್ಟಿಲು, ಅಂಗಳ. ಅಳು ಬಂತು. ಅಷ್ಟು ದೂರದಿಂದ ಬಂದು ಈ ಒಂದೊಂದು ಪದವನ್ನೂ ಕೂಡಿಸಿಟ್ಟರಲ್ಲ ಅನಿಸಿತು. ನನ್ನ ಭಾಷೆ ನನಗೆಷ್ಟು ಬೇಕು ಅಂತ ಗೊತ್ತಾದದ್ದು ಅಲ್ಲಿ.

ಖರ್ಚು ಜಾಸ್ತಿ ಅಂತೀರಿ. ನಿಜ, ಟಿಕೆಟ್‌ಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಫೀಸು, ಎಕ್ಸ್‌ಚೇಂಜ್‌ನಲ್ಲಿ ಹೋದವರಿಗೆ ಅದಿಲ್ಲ. ಉಳಿದ ಖರ್ಚೇನೂ ಸಣ್ಣದಲ್ಲ. ಆದರೆ ಆ ಸಾಲ ತೀರಿಸಿದ್ದು ನಾನು, ಒಂದು ಕಂತೂ ತಪ್ಪಿಸದೆ, ಒಂದು ಕಂತಿಗೂ ಬೇಜಾರು ಮಾಡಿಕೊಳ್ಳದೆ. ಮದುವೆಯ ಒಂದು ಸಂಜೆಯ ಲೈಟಿಂಗ್‌ಗೆ ಲಕ್ಷ ಸುರಿದಾಗ ಏನು ಸಿಕ್ತು ಅಂತ ಯಾರೂ ಕೇಳುವುದಿಲ್ಲ. ಹುಡುಗಿಯೊಬ್ಬಳು ಓದೋಕೆ ಹೋಗಿ ಖುಷಿಯಾಗಿ ಮನೆಗೆ ಬಂದರೆ ಮಾತ್ರ ಲೆಕ್ಕ ಒಪ್ಪಿಸಬೇಕಾ? ವಾಪಸ್ ಬಂದದ್ದು ಸೋಲಲ್ಲ. ವಾಪಸ್ ಬರೋಕೇ ಹೋಗಿದ್ದೆ.

ಪುಟ್ಟಿ, ನೀನಿದನ್ನು ಓದ್ತೀಯ ಅಂತ ಗೊತ್ತು. ಭಾನುವಾರ ಮನೆಗೆ ಬಾ, ಅರ್ಜಿ ಕೂತು ತುಂಬೋಣ. ಕುಕ್ಕರ್ ಅಟ್ಟದ ಮೇಲಿದೆ. ಹೊಸ ಗ್ಯಾಸ್ಕೆಟ್ ತಂದಿಟ್ಟಿದ್ದೀನಿ.