ಬ್ರೆಡ್ ಮೇಕರ್ ಕೊಳ್ಳೋದಾದ್ರೆ ಮೊದಲು ಒಳಗಿನ ಪಾತ್ರೆ ಎತ್ತಿ ನೋಡಿ

ಬ್ರೆಡ್ ಮೇಕರ್ ಕೊಳ್ಳೋರು ಮೊದಲು ಕೇಳೋ ಪ್ರಶ್ನೆ, "ಎಷ್ಟು ಮೆನು ಇದೆ?" ಹನ್ನೆರಡಿರಲಿ, ಇಪ್ಪತ್ತೈದಿರಲಿ, ಮನೆಯಲ್ಲಿ ನಿಜವಾಗಿ ಬಳಕೆಗೆ ಬರೋದು ನಾಲ್ಕೇ: ಸಾದಾ ಬ್ರೆಡ್, ಗೋಧಿ ಬ್ರೆಡ್, ಹಿಟ್ಟು ನಾದಿ ಉಬ್ಬಿಸಿ ನಿಲ್ಲಿಸೋ 'ಡೋ', ಬರೀ ಬೇಯಿಸೋ 'ಬೇಕ್'. ಜಾಮ್, ಮೊಸರು ಎಲ್ಲ ಡಬ್ಬದ ಮೇಲೆ ಅಚ್ಚು ಹಾಕೋಕೆ ಚೆನ್ನ. ಮೊಸರು ಹೆಪ್ಪಾಗೋಕೆ ಯಾರಾದ್ರೂ ಮೆಷಿನ್ ಕೊಳ್ತಾರಾ?

ನೋಡಬೇಕಾದ್ದು ಒಳಗಿನ ಪಾತ್ರೆ. ಅಂಗಡಿಯಲ್ಲಿ ಮುಚ್ಚಳ ತೆಗೆಸಿ, ಪಾತ್ರೆ ಕೈಗೆತ್ತಿಕೊಳ್ಳಿ. ತೂಕ ಇರಬೇಕು. ತೆಳು ಪಾತ್ರೆಯಲ್ಲಿ ಬದಿಯೆಲ್ಲ ಸೀದು, ನೆತ್ತಿ ಮಾತ್ರ ಬಿಳಿಚಿಕೊಂಡಿರುತ್ತೆ. ತಳದಲ್ಲಿ ಹಿಟ್ಟು ನಾದೋ ರೆಕ್ಕೆ ಕೂರೋ ಶಾಫ್ಟ್ ಇದೆಯಲ್ಲ, ಅದನ್ನ ಬೆರಳಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು, ಅಕ್ಕಪಕ್ಕ ಅಲ್ಲಾಡಬಾರದು. ಅದರ ಸುತ್ತ ಒಂದು ರಬ್ಬರ್ ಸೀಲ್ ಇರುತ್ತೆ. ಬಹುತೇಕ ಮೆಷಿನ್ ಮೊದಲು ಕೈಕೊಡೋದು ಇಲ್ಲೇ. ಸೀಲ್ ಸವೆದರೆ ನೀರು ಕೆಳಗಿಳಿಯುತ್ತೆ, ನಾದುವಾಗ ಕಿರ್ ಅನ್ನುತ್ತೆ, ಬ್ರೆಡ್ಡಿನ ತಳದಲ್ಲಿ ಬೂದು ಬಣ್ಣದ ಮಸಿ ಕಾಣುತ್ತೆ. ರಾತ್ರಿಯಿಡೀ ಪಾತ್ರೆಯನ್ನ ಸಿಂಕಲ್ಲಿ ಮುಳುಗಿಸಿಡೋರಿಗೆ ಇದು ಬೇಗ ಬರುತ್ತೆ. ಒಳಗೆ ಮಾತ್ರ ಬಿಸಿನೀರು ಹಾಕಿ ಹದಿನೈದು ನಿಮಿಷ ಬಿಡಿ, ಅಂಟಿಕೊಂಡ ರೆಕ್ಕೆ ತಾನೇ ಸಡಿಲವಾಗುತ್ತೆ. ದುಡ್ಡು ಕೊಡೋ ಮುಂಚೆ ಪಾತ್ರೆ, ರೆಕ್ಕೆ ಬಿಡಿಯಾಗಿ ಸಿಗುತ್ತಾ, ಎಷ್ಟು ಅಂತ ಕೇಳಿ. ಸಿಗಲ್ಲ ಅಂದ್ರೆ ಎಷ್ಟೇ ಅಗ್ಗವಾಗಿದ್ರೂ ಆ ಮೆಷಿನ್ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಉದ್ದನೆ ಪಾತ್ರೆಗೆ ಒಂದೇ ರೆಕ್ಕೆ ಇದ್ರೆ ಮೂಲೆಯಲ್ಲಿ ಒಣಹಿಟ್ಟು ಉಳಿಯುತ್ತೆ. ಮೊದಲ ಐದು ನಿಮಿಷ ಸಿಲಿಕೋನ್ ಸೌಟಿನಿಂದ ಒಳಕ್ಕೆ ತಳ್ಳಬೇಕು. ನೆಟ್ಟಗಿರೋ ಪಾತ್ರೆ ಚೆನ್ನಾಗಿ ನಾದುತ್ತೆ, ಆದ್ರೆ ಸ್ಲೈಸ್ ಟೋಸ್ಟರಲ್ಲಿ ಹಿಡಿಸಲ್ಲ. ನಾಲ್ಕು ಜನರ ಮನೆಗೆ 750 ಗ್ರಾಂ ಬ್ರೆಡ್ ಆಗೋ ಮೆಷಿನ್ ಸಾಕು.

ಇನ್ನು ಕರೆಂಟು. ಸಾದಾ ಬ್ರೆಡ್ಡಿಗೆ ಸುಮಾರು ಮೂರು ಗಂಟೆ ಬೇಕು. ಅಷ್ಟು ಹೊತ್ತು ಬೆಸ್ಕಾಂ ನಮ್ಮ ಮೇಲೆ ಕೃಪೆ ತೋರುತ್ತೆ ಅಂತ ನಂಬಿಕೊಳ್ಳೋಕಾಗಲ್ಲ. ಒಳ್ಳೆ ಮೆಷಿನ್‌ಗಳು ಕರೆಂಟ್ ಹೋದ ಜಾಗವನ್ನ ಹತ್ತು ಹದಿನೈದು ನಿಮಿಷ ನೆನಪಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಸುತ್ತವೆ. ಕೆಲವು ಒಂದು ಕ್ಷಣ ಲೈಟ್ ಮಿಣುಕಿದ್ರೂ ಮೊದಲಿನಿಂದ ಶುರು ಮಾಡುತ್ತವೆ. ಕೈಪಿಡಿಯಲ್ಲಿ ಇದನ್ನ ಓದದೆ ಕೊಳ್ಳಬೇಡಿ. ಹಿಟ್ಟು ಉಬ್ಬುವಾಗ ಕರೆಂಟ್ ಹೋದ್ರೆ ಗಾಬರಿ ಬೇಡ: ಮುಚ್ಚಳ ಹಾಕಿಯೇ ಇಡಿ, ಹಿಟ್ಟು ಎರಡರಷ್ಟಾದ ಮೇಲೆ, ಕರೆಂಟ್ ಬಂದಾಗ 'ಬೇಕ್' ಒತ್ತಿ 50 ನಿಮಿಷ ಬೇಯಿಸಿ. 'ಬೇಕ್' ಬೇರೆಯಾಗಿ ಇರಬೇಕು ಅನ್ನೋದು ಇದಕ್ಕೇ. ಯುಪಿಎಸ್ ನಂಬೋರು ಗಮನಿಸಿ, ನಾದುವಾಗ ಎಳೆಯೋದು ಕಡಿಮೆ; ಬೇಯಿಸುವಾಗ ಹೀಟರ್ 500-600 ವ್ಯಾಟ್ ಎಳೆಯುತ್ತೆ. ಫ್ಯಾನು, ಲೈಟು, ವೈಫೈ ಜೊತೆ ಇದೂ ಸೇರಿದ್ರೆ ಸಣ್ಣ ಯುಪಿಎಸ್ ಕೂಗಿಕೊಳ್ಳುತ್ತೆ.

ಅಮೆರಿಕದಿಂದ ಬರೋ ಮಗ-ಸೊಸೆ ಹತ್ರ ತರಿಸೋ ಯೋಚನೆ ಇದ್ರೆ ಬಿಡಿ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ, ಆದ್ರೆ ಅದು ಹರ್ಟ್ಸ್ ಬದಲಿಸಲ್ಲ. 60ಕ್ಕೆ ಮಾಡಿದ ಇಂಡಕ್ಷನ್ ಮೋಟರ್ ನಮ್ಮ 50ರಲ್ಲಿ ನಿಧಾನವಾಗಿ ತಿರುಗಿ ಹೆಚ್ಚು ಬಿಸಿಯಾಗುತ್ತೆ.

ಮೆಷಿನ್ ಸರಿಯಿದ್ದೂ ಬ್ರೆಡ್ ಕೆಡೋದು ಅಳತೆಯಿಂದ. ಜೊತೆಗೆ ಕೊಡೋ ಪುಸ್ತಕದ ಲೆಕ್ಕ ಸಾಮಾನ್ಯವಾಗಿ ಹೊರದೇಶದ ಬ್ರೆಡ್ ಹಿಟ್ಟಿನದು. ನಮ್ಮ ಮೈದಾ ಅಷ್ಟು ನೀರು ಹಿಡಿಯಲ್ಲ. ಕಪ್ಪಿನ ಅಳತೆ ಬಿಟ್ಟು ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ. ಮೊದಲು 215 ಗ್ರಾಂ ನೀರು, 20 ಗ್ರಾಂ ಎಣ್ಣೆ, 6 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ. ಅದರ ಮೇಲೆ ನೀರು ಕಾಣದ ಹಾಗೆ 350 ಗ್ರಾಂ ಮೈದಾ. ನಡುವೆ ಗುಳಿ ಮಾಡಿ 4 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಯೀಸ್ಟನ್ನೇ ಮೊದಲು ಹಾಕಿ ಅನ್ನೋ ಮೆಷಿನ್‌ಗಳೂ ಇವೆ, ಅಲ್ಲಿ ಕೈಪಿಡಿ ಹೇಳಿದ ಹಾಗೆ ಮಾಡಿ. ನಾದೋಕೆ ಶುರುವಾದ ಹತ್ತನೇ ನಿಮಿಷಕ್ಕೆ ಮುಚ್ಚಳ ತೆಗೆದು ನೋಡಲೇಬೇಕು. ಹಿಟ್ಟು ಒಂದೇ ಉಂಡೆಯಾಗಿ, ಪಾತ್ರೆ ಬದಿ ಬಿಟ್ಟು ತಿರುಗುತ್ತಿರಬೇಕು; ಮುಟ್ಟಿದ್ರೆ ಸ್ವಲ್ಪ ಅಂಟಿ ಬಿಡಬೇಕು. ಹರಿದು ಹರಿದು ಬರ್ತಿದ್ರೆ ಒಂದು ಟೀ ಚಮಚ ನೀರು, ಬದಿಗೆ ಮೆತ್ತಿಕೊಳ್ತಿದ್ರೆ ಒಂದು ಚಮಚ ಹಿಟ್ಟು. ಒಮ್ಮೆಗೇ ಸುರೀಬೇಡಿ.

ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟಿಗೆ ಈ ಲೆಕ್ಕ ನಡೆಯಲ್ಲ. ತೌಡು ನೀರು ಕುಡಿಯುತ್ತೆ, ಬೀಸೋ ರಭಸಕ್ಕೆ ಒಡೆದ ಪಿಷ್ಟ ಇನ್ನೂ ಹೆಚ್ಚು ಕುಡಿಯುತ್ತೆ. 350 ಗ್ರಾಂಗೆ 260ರ ಹತ್ತಿರ ನೀರು ಬೇಕು. ಹಿಟ್ಟು ಕಲೆಸಿಕೊಂಡ ಕೂಡಲೇ ಮೆಷಿನ್ ನಿಲ್ಲಿಸಿ ಇಪ್ಪತ್ತು ನಿಮಿಷ ನೆನೆಯೋಕೆ ಬಿಟ್ಟು, ಮತ್ತೆ ಶುರು ಮಾಡಿ. ಆದ್ರೂ ಅಂಗಡಿ ಬ್ರೆಡ್ಡಿನ ಹಾಗೆ ಹಗುರ ಬರಲ್ಲ, ಅರ್ಧ ಮೈದಾ ಅರ್ಧ ಗೋಧಿ ಹಾಕೋದೇ ಒಳ್ಳೆ ರಾಜಿ. ರಾಗಿ ಹಿಟ್ಟು ಒಟ್ಟಿನಲ್ಲಿ ಐದನೇ ಒಂದು ಪಾಲು ದಾಟದಿರಲಿ. ಅದರಲ್ಲಿ ಹಿಟ್ಟನ್ನ ಹಿಡಿದಿಡೋ ಅಂಟು, ಅಂದ್ರೆ ಗ್ಲುಟನ್, ಇಲ್ಲ, ಜಾಸ್ತಿಯಾದ್ರೆ ಕೈಗೆ ಬರೋದು ಮುದ್ದೆ.

ಏಪ್ರಿಲ್‌ನಲ್ಲಿ ಬ್ರೆಡ್ಡಿನ ನೆತ್ತಿ ಗುಳಿ ಬೀಳ್ತಿದೆ ಅಂತ ಯೀಸ್ಟನ್ನ ಜಾಸ್ತಿ ಮಾಡೋರಿದ್ದಾರೆ. ಅದು ಉಲ್ಟಾ. ಅಡುಗೆಮನೆಯ ಸೆಕೆ, ನಾದುವಾಗಿನ ಬಿಸಿ, ಜೊತೆಗೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ನಮ್ಮ ಬೆಂಗಳೂರಿನ ತೆಳು ಗಾಳಿ, ಎಲ್ಲ ಸೇರಿ ಹಿಟ್ಟು ಬೇಗ ಉಬ್ಬಿಬಿಡುತ್ತೆ. ಮೆಷಿನ್‌ಗೆ ಗಡಿಯಾರ ಗೊತ್ತು, ಹಿಟ್ಟು ಗೊತ್ತಿಲ್ಲ. ಬೇಯಿಸೋ ಹೊತ್ತಿಗೆ ಹಿಟ್ಟಿಗೆ ತ್ರಾಣ ಮುಗಿದು ಕುಸಿಯುತ್ತೆ. ಫ್ರಿಜ್ ನೀರು ಹಾಕಿ, ಯೀಸ್ಟ್ 3 ಗ್ರಾಂಗೆ ಇಳಿಸಿ. ಡಿಸೆಂಬರಿಗೆ ಉಗುರು ಬೆಚ್ಚಗಿನ ನೀರು, ಯೀಸ್ಟ್ 4 ಗ್ರಾಂ. ಪ್ರತಿ ಹಂತದ ನಿಮಿಷವನ್ನ ನಾವೇ ಇಡೋ ಸೌಲಭ್ಯ ಇರೋ ಮೆಷಿನ್ ಸಿಕ್ಕರೆ ಒಂದೆರಡು ಸಾವಿರ ಜಾಸ್ತಿ ಕೊಟ್ಟರೂ ಮೋಸವಿಲ್ಲ. ರಾತ್ರಿ ಟೈಮರ್ ಇಟ್ಟು ಮಲಗೋರು ಹಾಲು, ಮೊಟ್ಟೆ ಹಾಕಬೇಡಿ, ಸೆಕೆಗಾಲದಲ್ಲಂತೂ ಬೇಡವೇ ಬೇಡ.

ಗ್ರಾನೈಟ್ ಕಟ್ಟೆ ಮೇಲೆ ನಾದುವಾಗ ಮೆಷಿನ್ ಸರಿದಾಡುತ್ತೆ, ಕೆಳಗೊಂದು ರಬ್ಬರ್ ಮ್ಯಾಟ್ ಹಾಕಿ. ಕೊನೆಯ ಸಲ ನಾದಿದ ಮೇಲೆ ಒದ್ದೆ ಕೈಯಲ್ಲಿ ರೆಕ್ಕೆ ತೆಗೆದ್ರೆ ಬ್ರೆಡ್ಡಿನ ತಳದಲ್ಲಿ ದೊಡ್ಡ ತೂತು ಬೀಳಲ್ಲ. ಬೆಂದ ಕೂಡಲೇ ಹೊರಗೆ ತೆಗೀರಿ, ಒಳಗೇ ಬಿಟ್ಟರೆ ಬದಿ ಬೆವೆತು ಮೆತ್ತಗಾಗುತ್ತೆ. ಒಂದು ಗಂಟೆ ಆರೋವರೆಗೆ ಚಾಕು ಮುಟ್ಟಿಸಬೇಡಿ.

ಮನೆಯಲ್ಲಿ ಓಟಿಜಿ (ಕರೆಂಟ್ ಓವನ್) ಇದ್ರೆ 'ಡೋ' ಒಂದಕ್ಕೇ ಈ ಮೆಷಿನ್ ಕೊಳ್ಳಬಹುದು ಅಂತೀನಿ. ಅಯ್ಯಂಗಾರ್ ಬೇಕರಿ ಥರದ ಖಾರಾ ಬನ್ನಿಗೆ ಮೇಲೆ ಹೇಳಿದ 350 ಗ್ರಾಂ ಮೈದಾದ ಲೆಕ್ಕವೇ. ನಾದೋದು ಮುಗಿಯೋ ಮುಂಚೆ ಬೀಪ್ ಕೇಳಿದಾಗ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹಾಕಿ. ಉಬ್ಬಿದ ಹಿಟ್ಟನ್ನ 60 ಗ್ರಾಂನ ಉಂಡೆ ಮಾಡಿ, ಇನ್ನೊಮ್ಮೆ ಅರ್ಧ ಗಂಟೆ ಉಬ್ಬಿಸಿ, 190 ಡಿಗ್ರಿಯಲ್ಲಿ 15-18 ನಿಮಿಷ ಬೇಯಿಸಿ. ಈರುಳ್ಳಿ ನೀರು ಬಿಡುತ್ತೆ, ಹಾಗಾಗಿ ಮೊದಲೇ 20 ಗ್ರಾಂ ನೀರು ಕಡಿಮೆ ಹಾಕಿರಿ.